ಗಾಲಿಯ ಓರೆ

ಕುರಿಗಾರ ದೊಡ್ಡಬೀರಪ್ಪ ತಾನು ಕೊಂಡ ಟಿಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯೊಳಕ್ಕೆ ತಳ್ಳಿ, "ಸ್ವಾಮೇರ, ಇದು ಬಳ್ಳಾರಿದಲ್ರಿ" ಎಂದ. ಪಂಚಾಕ್ಷರಯ್ಯ ಕನ್ನಡಕ ಸರಿಮಾಡಿಕೊಂಡು ನೋಡಿದ. ಓಬಳಾಪುರದ್ದು. ರಾಯದುರ್ಗದ ಸ್ಟೇಷನ್ನಿನಲ್ಲಿ ಹದಿನೆಂಟು ವರ್ಷ ಬುಕಿಂಗ್ ಗುಮಾಸ್ತನಾಗಿ ಕೂತವನ ಕೈ, ಕಣ್ಣು ಮುಚ್ಚಿದರೂ ಬಳ್ಳಾರಿಯ ಟಿಕೆಟ್ಟಿನ ಗೂಡಿಗೆ ಹೋಗಬೇಕಾಗಿತ್ತು. ತಪ್ಪು ಒಪ್ಪಿಕೊಳ್ಳುವುದಕ್ಕೆ ಮೊದಲು ಅವನ ಬಾಯಿಂದ ಬಂದದ್ದು, "ನಿನಗೆ ಓದಾಕ ಬರ್ತೈತೇನು?" ಎಂಬ ಗದರಿಕೆ. ಮುದುಕ ಬೇಸರ ಮಾಡಿಕೊಳ್ಳದೆ ನಕ್ಕ. "ಓದಾಕ ಎಲ್ಲಿ ಬರ್ತೈತ್ರಿ. ಹೋದ ಸಲ ಕೊಟ್ಟಿದ್ರಲ್ಲ, ಅದರಾಗ ಅಕ್ಷರದ ಸಾಲು ಇಷ್ಟುದ್ದ ಇರಲಿಲ್ಲ." ಹಿಂದೆ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ಸೆರಗಿನೊಳಗೆ ನಕ್ಕರು. ಪಂಚಾಕ್ಷರಯ್ಯ ಟಿಕೆಟ್ಟು ಬದಲಾಯಿಸಿ ಕೊಟ್ಟ. ಕೊಟ್ಟಮೇಲೂ ಅವನ ಕಿವಿ ಬಿಸಿಯಾಗಿಯೇ ಇತ್ತು. ಓದು ಬಾರದವರಿಗೆ ಏನೂ ಕಾಣುವುದಿಲ್ಲ ಎಂದು ತಾನು ಇಷ್ಟು ದಿನ ಯಾವ ಧೈರ್ಯದ ಮೇಲೆ ನಂಬಿಕೊಂಡಿದ್ದೆ ಎಂಬ ಯೋಚನೆ, ಕಾಲಿಗೆ ಚುಚ್ಚಿದ ಜಾಲಿಮುಳ್ಳಿನಂತೆ, ಹೆಜ್ಜೆ ಇಟ್ಟಲ್ಲೆಲ್ಲ ನೋಯತೊಡಗಿತು.

ಅವನ ಕೋಟಿನ ಜೇಬಿನಲ್ಲಿ ಹನ್ನೆರಡು ದಿನದಿಂದ ಒಂದು ಕಾರ್ಡು ಇತ್ತು. ಮಡಕಶಿರದ ತಾಲೂಕು ಕಚೇರಿಯಲ್ಲಿ ನಕಲು ಬರೆಯುವ ತಿಪ್ಪಯ್ಯ ಎಂಬ, ಅವನು ಮುಖ ಕಂಡಿರದ ಮನುಷ್ಯ ಬರೆದದ್ದು. "ತಾವು ರೈಲಿನ ಪುಟ್ಟ ಮಾದರಿಯೊಂದನ್ನು ಮಾಡಿ ದೊರೆಗಳಿಂದ ಮೆಚ್ಚುಗೆ ಪಡೆದ ಸಂಗತಿ ಹಿಂದೂಪುರದ ಸ್ಟೇಷನ್ನಿನಲ್ಲಿ ಕಿವಿಗೆ ಬಿತ್ತು. ನಾನೂ ಆರು ವರ್ಷದಿಂದ ಅದೇ ಹುಚ್ಚಿನವನು. ನಮ್ಮ ಊರಿಗೆ ರೈಲೇ ಇಲ್ಲ, ಆದ್ದರಿಂದ ನೋಡಿ ಕಲಿಯಲು ಅನುಕೂಲವಿಲ್ಲ. ನನ್ನ ಗಾಡಿ ತಿರುವಿನಲ್ಲಿ ಹಳಿ ಬಿಡುತ್ತದೆ, ತಮ್ಮದು ಬಿಡುವುದಿಲ್ಲವಂತೆ. ಅದರ ಗುಟ್ಟು ತಿಳಿಯಲು ಮುಂದಿನ ವಾರದ ಭಾನುವಾರ ಬೆಳಗಿನ ಗಾಡಿಗೆ ಬರುತ್ತೇನೆ." ದಾಖಲೆ ಬರೆದು ಪಳಗಿದ ದುಂಡನೆಯ ಅಕ್ಷರ. ಮೊದಲ ಸಲ ಓದಿದಾಗ ಪಂಚಾಕ್ಷರಯ್ಯನಿಗೆ ಹಿಗ್ಗಾಗಿತ್ತು. ಇಡೀ ರಾಯದುರ್ಗದಲ್ಲಿ ಅವನ ರೈಲನ್ನು ಮಕ್ಕಳಾಟ ಎಂದುಕೊಳ್ಳದವರು ಯಾರೂ ಇರಲಿಲ್ಲ, ಸ್ಟೇಷನ್ ಮಾಸ್ತರರಂತೂ ಅದನ್ನು 'ನಿಮ್ಮ ಗೊಂಬೆ' ಎನ್ನುತ್ತಿದ್ದರು. ಅಷ್ಟು ದೂರದಿಂದ ಒಬ್ಬ ಬರುತ್ತಾನೆ, ಸ್ಲೀಪರು ಎಂದರೆ ಏನು, ತಿರುವು ಎಂದರೆ ಏನು ಎಂದು ಬಲ್ಲವನು. ಎರಡನೆಯ ಸಲ ಓದಿದಾಗ 'ಗುಟ್ಟು' ಎಂಬ ಮಾತು ಕಾರ್ಡಿನಿಂದ ಎದ್ದು ನಿಂತಂತಾಯಿತು. ಆಮೇಲಿಂದ ಓದಿದಾಗಲೆಲ್ಲ ಆ ಒಂದು ಮಾತೇ.

ಹನ್ನೊಂದು ವರ್ಷದ ಕೆಲಸ ಅದು. ಕ್ವಾರ್ಟರ್ಸಿನ ಒಳಕೋಣೆಯಲ್ಲಿ, ಲಿಂಗಪೂಜೆಯ ಮೂಲೆಯನ್ನು ದಾಟಿಕೊಂಡು ಹೋದರೆ, ನೆಲದಿಂದ ಒಂದು ಮೊಳ ಎತ್ತರಕ್ಕೆ ಹಲಗೆ ಜೋಡಿಸಿ, ಅದರ ಮೇಲೆ ಅವನು ರಾಯದುರ್ಗವನ್ನೇ ಕಟ್ಟಿದ್ದ. ಗೋಣಿತಾಟನ್ನು ಅಂಟಿನಲ್ಲಿ ಅದ್ದಿ ಕವುಚಿ ಹಾಕಿ ಬೆಟ್ಟ ಮಾಡಿದ್ದ. ಬೆಟ್ಟದ ಬಂಡೆಗಳಿಗೆ ಆ ಬೆಟ್ಟದಿಂದಲೇ ಹೆಕ್ಕಿ ತಂದ ಹರಳುಗಳು. ಸ್ಟೇಷನ್ನಿನ ಗೋಡೆಗೆ ರಟ್ಟು, ಅದರ ಮೇಲೆ ಸುಣ್ಣ. ಮಾಡಿನ ಹೆಂಚುಗಳನ್ನು ಕೆರೆಯ ಮಣ್ಣಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣಗೆ ಕೊಯ್ದು, ಒಲೆಯ ಬೂದಿಯಲ್ಲಿ ಸುಟ್ಟು, ಚಿಮಟದಲ್ಲಿ ಎತ್ತಿ ಒಂದೊಂದಾಗಿ ಕೂರಿಸಿದ್ದ. ಆ ಮಾಡೊಂದಕ್ಕೇ ಎರಡು ಬೇಸಗೆ ಹಿಡಿದಿತ್ತು. ಹಳಿಗೆ ಹಳೆಯ ಕೊಡೆಗಳ ಉಕ್ಕಿನ ಕಡ್ಡಿ. ಊರಲ್ಲಿ ಯಾರ ಕೊಡೆ ಮುರಿದರೂ ಅದು ಅವನ ಮನೆಗೆ ಬರುತ್ತಿತ್ತು. ಆ ಕಡ್ಡಿಗಳನ್ನು ಜಾಲಿಮರದ ಅಡ್ಡತುಂಡುಗಳ ಸ್ಲೀಪರಿನ ಮೇಲೆ ಗುಂಡುಸೂಜಿಯಿಂದ ಹೊಡೆದು, ಬೆಟ್ಟವನ್ನು ಬಳಸಿಕೊಂಡು ಮತ್ತೆ ಸ್ಟೇಷನ್ನಿಗೆ ಬರುವ ಹಾಗೆ ಸುತ್ತುಹಾದಿ ಹಾಸಿದ್ದ. ಅಲ್ಲಿಯವರೆಗೆ ಎಲ್ಲ ಅವನದೇ. ಯಾರ ಮುಂದೆ ಬೇಕಾದರೂ ಎದೆತಟ್ಟಿ ಹೇಳಬಹುದಾಗಿತ್ತು. ಆದರೆ ಇಂಜಿನ್ನು ಓಡುತ್ತಿರಲಿಲ್ಲ. ಟೈಂಪೀಸಿನ ಸ್ಪ್ರಿಂಗ್ ಹಾಕಿ ಮಾಡಿದ ಮೊದಲನೆಯದು, ಎರಡನೆಯದು, ಐದನೆಯದು, ಎಲ್ಲವೂ ನೇರ ಹಾದಿಯಲ್ಲಿ ಗಂಭೀರವಾಗಿ ಹೋಗಿ, ಬೆಟ್ಟದ ತಿರುವಿಗೆ ಬಂದೊಡನೆ ಕುಡಿದವನ ಹಾಗೆ ಹೊರಕ್ಕೆ ವಾಲಿ ಬೀಳುತ್ತಿದ್ದವು. ನಾಲ್ಕು ವರ್ಷ ಅವನ ರಾಯದುರ್ಗದಲ್ಲಿ ಗಾಡಿ ಓಡಲಿಲ್ಲ. ಉಜ್ಜಿನಮ್ಮ, ಅವನ ಹೆಂಡತಿ, ಪೂಜೆಯ ಹೂ ಏರಿಸುತ್ತ, "ನಿಮ್ಮ ಊರಾಗ ಮಂದಿ ಎಲ್ಲಾ ಗಾಡಿ ಕಾದು ಕಾದು ಮುದುಕರಾಗ್ಯಾರ ನೋಡ್ರಿ" ಎಂದು ಹಾಸ್ಯ ಮಾಡುತ್ತಿದ್ದಳು.

ಓಬಮ್ಮ ಸ್ಟೇಷನ್ ರಸ್ತೆಯ ಗೇಟಿನ ಪಕ್ಕ ಬೇವಿನ ಕೆಳಗೆ ಕೂತು ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಚಿಮಣಿ, ಎಣ್ಣೆ ಹೊಯ್ಯುವ ಲಾಳಿಕೆ, ಅಳತೆಪಾವು ಮಾಡುವವಳು. ಗಂಡ ಇದ್ದಾಗ ಅವನು ಕೊಯ್ದು ಕೊಡುತ್ತಿದ್ದ, ಇವಳು ಬೆಸುಗೆ ಹಾಕುತ್ತಿದ್ದಳು. ಗಂಡ ಹೋದಮೇಲೆ ಎರಡೂ ಇವಳೇ. ಪಂಚಾಕ್ಷರಯ್ಯ ಅವಳ ಹತ್ತಿರ ಹೋದದ್ದು ಇಂಜಿನ್ನಿನ ಬಾಯ್ಲರಿಗೆ ತಗಡು ಸುತ್ತಿಸಲು. ಅವಳು ಅವನು ಮಾಡಿದ್ದ ಇಂಜಿನ್ನಿನ ಗಾಲಿಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿ, "ಇದು ತಿರುಗಂಗಿಲ್ರಿ" ಎಂದಳು. ಯಾಕೆಂದು ಕೇಳಿದ್ದಕ್ಕೆ ಪಕ್ಕದಲ್ಲಿದ್ದ ಲಾಳಿಕೆಯನ್ನು ಎತ್ತಿ ನೆಲದ ಮೇಲೆ ಉರುಳಿಬಿಟ್ಟಳು. ಅದು ನೆಟ್ಟಗೆ ಹೋಗದೆ, ಸಣ್ಣ ಬಾಯಿಯ ಕಡೆಗೆ ತಿರುಗುತ್ತ ತಿರುಗುತ್ತ, ಒಂದು ಸುತ್ತು ಹಾಕಿ ಅವಳ ಮೊಣಕಾಲಿಗೇ ಬಂದು ತಾಗಿತು. "ಸೈಡಿಂಗಿನಾಗ ಗಾಲಿ ಬಿದ್ದಾವಲ್ರಿ, ಕೈಯಾಡ್ಸಿ ನೋಡ್ರಿ. ಒಳಗಡಿ ದಪ್ಪ, ಹೊರಗಡಿ ಸಣ್ಣ. ಓರೆ ಐತಿ. ನೀವು ಮಾಡಿದ್ದು ರೊಟ್ಟಿ ಇದ್ದಂಗ ಐತಿ." ಹದಿನೆಂಟು ವರ್ಷ ಆ ಗಾಲಿಗಳ ಪಕ್ಕದಲ್ಲಿ ಓಡಾಡಿದವನು ಅಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಗಾಡಿ ತಂಗುವ ಪಕ್ಕದ ಹಳಿಗೆ, ಸೈಡಿಂಗಿಗೆ ಹೋಗಿ ತುಕ್ಕು ಹಿಡಿದ ಗಾಲಿಯ ಅಂಚಿನ ಮೇಲೆ ಅಂಗೈ ಇಟ್ಟ. ಓರೆ ಇತ್ತು. ಬಿಸಿಲಿಗೆ ಕಾದ ಕಬ್ಬಿಣ ಅಂಗೈ ಸುಟ್ಟರೂ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದ. ಎರಡು ತಿಂಗಳಲ್ಲಿ ಓಬಮ್ಮ ಸೀಸವನ್ನೂ ತವರವನ್ನೂ ಕೂಡಿಸಿ ಕರಗಿಸಿ, ಮಣ್ಣಿನ ಅಚ್ಚಿಗೆ ಎರೆದು, ಹತ್ತು ಗಾಲಿಗಳನ್ನು ಮಾಡಿಕೊಟ್ಟಳು. ಅವನು ಅವನ್ನು ಬಾಗಿಲಲ್ಲಿ ಇಸಿದುಕೊಂಡು ಒಳಕ್ಕೆ ಹೋದ. ಇಂಜಿನ್ನು ಬೆಟ್ಟವನ್ನು ಸುತ್ತಿತು. ಅವನು ಮಗುವಿನ ಹಾಗೆ ಕೂಗಿದ್ದು ಕೇಳಿ ಉಜ್ಜಿನಮ್ಮ ಓಡಿಬಂದು, "ಹೆಂಗ ಮಾಡಿದ್ರಿ?" ಎಂದು ಕೇಳಿದಾಗ, ಸಂತೋಷದ ಉಬ್ಬರದಲ್ಲೋ ಏನೋ, "ಗಾಲಿಗೆ ಓರೆ ಕೊಟ್ಟೆ" ಎಂದುಬಿಟ್ಟ. ಅದು ಸುಳ್ಳು ಎಂದು ಆಗ ಅನ್ನಿಸಲೇ ಇಲ್ಲ. ಕನ್ನಡದಲ್ಲಿ 'ಕೊಟ್ಟೆ' ಎನ್ನುವುದಕ್ಕೆ ಕೊಡಿಸಿದೆ ಎಂದೂ ಅರ್ಥವಾಗಬಹುದಲ್ಲ ಎಂದು ಆಮೇಲೆ ತನಗೆ ತಾನೇ ವ್ಯಾಕರಣ ಹೇಳಿಕೊಂಡಿದ್ದ.

ದೊರೆಗೆ ಹೇಳಿದ್ದಕ್ಕೆ ಮಾತ್ರ ಯಾವ ವ್ಯಾಕರಣವೂ ಇರಲಿಲ್ಲ. ಬಳ್ಳಾರಿಯಿಂದ ತನಿಖೆಗೆ ಬಂದ ಆ ಕೆಂಪುಮುಖದ ಇಂಗ್ಲಿಷ್ ಅಧಿಕಾರಿ, ಯಾರೋ ಹೇಳಿದ್ದನ್ನು ಕೇಳಿ ಕುತೂಹಲದಿಂದ ಮನೆಯವರೆಗೂ ಬಂದು, ಬೂಟುಗಾಲಲ್ಲೇ ಪೂಜೆಯ ಮೂಲೆ ದಾಟಿ ಒಳಕೋಣೆಗೆ ನುಗ್ಗಿ, ಹಲಗೆಯ ಮುಂದೆ ಮೊಣಕಾಲೂರಿ ಕೂತಿದ್ದ. ಇಂಜಿನ್ನು ಮೂರು ಸುತ್ತು ಹೋಯಿತು. ಅವನು ಅದನ್ನು ಎತ್ತಿ ಗಾಲಿಯನ್ನು ನೋಡಿ ಹುಬ್ಬೇರಿಸಿ, ಇದು ಯಾರಿಗೆ ಹೊಳೆದದ್ದು, ಯಾರು ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದ. ಸ್ಟೇಷನ್ ಮಾಸ್ತರರು ಇದ್ದರು, ಬಾಗಿಲಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಯರ್ರಪ್ಪ ಇದ್ದ, ಹಿತ್ತಲಕಡೆಯ ಕಿಟಕಿಯ ಆಚೆ, ಬೆಸುಗೆ ಬಿಟ್ಟಿದ್ದ ಬಕೆಟ್ಟನ್ನು ಸರಿಮಾಡಿ ಅವತ್ತೇ ತಂದುಕೊಡಲು ಬಂದಿದ್ದ ಓಬಮ್ಮ ನಿಂತಿದ್ದಳು. ಪಂಚಾಕ್ಷರಯ್ಯನಿಗೆ ಅವಳು ಕಂಡಳು. ಕಂಡದ್ದರಿಂದಲೇ ಬೇಗ ಉತ್ತರ ಕೊಡಬೇಕೆನ್ನಿಸಿತು. ಎದೆಯ ಮೇಲೆ ಕೈ ಇಟ್ಟುಕೊಂಡು, ನಾನೇ ಎಂದ. ಒಂದು ವಾರದಲ್ಲಿ ಮೆಚ್ಚುಗೆಯ ಪತ್ರ ಬಂತು. ಉಜ್ಜಿನಮ್ಮ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿ, ಆಯುಧಪೂಜೆಯ ದಿನ ಕುಂಕುಮವನ್ನೂ ಇಟ್ಟಳು. ಅವನು ಓಬಮ್ಮನ ಬೇವಿನ ಮರವನ್ನು ತಪ್ಪಿಸಿ ಗೂಡ್ಸ್ ಶೆಡ್ಡಿನ ಹಿಂದಿನಿಂದ ಸ್ಟೇಷನ್ನಿಗೆ ಹೋಗತೊಡಗಿದ. ಅದಾಗಿ ಏಳು ತಿಂಗಳು.

"ಬಂಡಿ ವಚ್ಚೇಸಿಂದಿ ಸ್ವಾಮಿ" ಎಂದು, ಆ ಭಾನುವಾರದ ಬೆಳಗಿನ ಗಾಡಿ ಬಂದದ್ದನ್ನು ಯರ್ರಪ್ಪ ತೆಲುಗಿನಲ್ಲಿ ಕೂಗಿದ. ಗಾಡಿಯಿಂದ ಇಳಿದವರಲ್ಲಿ ತಿಪ್ಪಯ್ಯ ಯಾರೆಂದು ಹುಡುಕಬೇಕಾಗಲಿಲ್ಲ. ಎಲ್ಲರೂ ಗೇಟಿನ ಕಡೆ ಹೊರಟರೆ, ನಲವತ್ತರ ಆಸುಪಾಸಿನ, ಮೋಟು ಕೋಟಿನ ತೆಳ್ಳನೆಯ ಮನುಷ್ಯನೊಬ್ಬ ಟ್ರಂಕನ್ನು ಪ್ಲಾಟ್‌ಫಾರ್ಮಿನ ಮೇಲಿಟ್ಟು, ಬಗ್ಗಿ, ಇಂಜಿನ್ನಿನ ಗಾಲಿಯನ್ನು ನೋಡುತ್ತಿದ್ದ. ಪಂಚಾಕ್ಷರಯ್ಯ ಹತ್ತಿರ ಹೋದಾಗ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಿಂದ ನಮಸ್ಕಾರ ಮಾಡಿ, "ನೀವೇ ಅಲ್ವಾ ಸ್ವಾಮಿ? ಕಂಡ ತಕ್ಷಣ ಗೊತ್ತಾಯ್ತು" ಎಂದ. ಅಮರಾಪುರದ ಮೇಲೆ ಮೋಟಾರಿನಲ್ಲಿ ಬಂದಿದ್ದರೆ ಒಂದು ಹಗಲಿನ ದಾರಿಯಂತೆ. ಇವನು ಹಿಂದೂಪುರಕ್ಕೆ ಹೋಗಿ, ಅಲ್ಲಿಂದ ಗುಂತಕಲ್ಲು, ಬಳ್ಳಾರಿ ಎಂದು ಮೂರು ಗಾಡಿ ಬದಲಾಯಿಸಿ ಬಂದಿದ್ದ. "ರೈಲ್ ನೋಡಕ್ಕೆ ಬರೋನು ಮೋಟಾರಲ್ ಬಂದ್ರೆ ಚೆನ್ನಾಗಿರ್ತದಾ ಹೇಳಿ? ಬಳ್ಳಾರೀಲಿ ಒಂದ್ ಮೂರು ಗಂಟೆ ಸುಮ್ಕೆ ನಿಂತ್ಕಂಡು ಇಂಜಿನ್ನು ಬೋಗಿ ಜೋಡ್ಸೋ ಶಂಟಿಂಗ್ ನೋಡ್ದೆ. ಹೊಟ್ಟೆ ತುಂಬೋಯ್ತು." ಆ ಮಾತಿಗೆ ಪಂಚಾಕ್ಷರಯ್ಯನಿಗೆ ತನ್ನ ಅಳುಕೆಲ್ಲ ಮರೆತು ಪ್ರೀತಿ ಉಕ್ಕಿತು. ಇಂಥವನೊಬ್ಬನಿಗಾಗಿ ತಾನು ಹನ್ನೊಂದು ವರ್ಷ ಕಾದಿದ್ದೆ ಅನ್ನಿಸಿತು. ಬೆನ್ನಹಿಂದೆಯೇ, ಇಂಥವನಿಗೇ ಇವತ್ತು ಸುಳ್ಳು ಹೇಳಬೇಕು ಎಂಬುದೂ ನೆನಪಾಯಿತು. ಗಾಡಿ ಬಳ್ಳಾರಿಗೆ ವಾಪಸು ಹೊರಟಮೇಲೆ ಅತಿಥಿಯನ್ನು ಗೂಡ್ಸ್ ಶೆಡ್ಡಿನ ಹಿಂದಿನ ದಾರಿಯಲ್ಲೇ ಮನೆಗೆ ಕರೆದುಕೊಂಡು ಹೋದ. ತಿಪ್ಪಯ್ಯ ಆ ದಾರಿಯ ಕಲ್ಲುಮುಳ್ಳನ್ನೂ ರೈಲ್ವೆಯ ಒಂದು ಭಾಗವೆಂಬಂತೆ ಆಸಕ್ತಿಯಿಂದ ತುಳಿದುಕೊಂಡು ಬಂದ.

ಊಟಕ್ಕೆ ಕೂರುವುದಕ್ಕೂ ಮೊದಲೇ ತಿಪ್ಪಯ್ಯ ಟ್ರಂಕು ಬಿಚ್ಚಿದ. ಪಂಚೆಯ ಮಡಿಕೆಯೊಳಗಿಂದ ಮೂರನೇ ಕ್ಲಾಸಿನ ಬೋಗಿಯೊಂದು ಹೊರಗೆ ಬಂತು. ಮೊಳದುದ್ದದ, ಬೂರುಗದ ಮರದ ಬೋಗಿ. ಬಾಗಿಲುಗಳೆಲ್ಲ ತೆಗೆಯುತ್ತಿದ್ದವು, ಒಂದೊಂದಕ್ಕೂ ಸಾಸಿವೆಯಷ್ಟು ಚಿಲಕ, ಒಳಗೆ ಎದುರುಬದುರು ಬೆಂಚು. "ಇದನ್ ನೋಡಿ ಸ್ವಾಮಿ," ಎಂದು ಬೆರಳತುದಿಯಿಂದ ಒಂದು ಬಾಗಿಲು ತೆಗೆದು, "ಈ ಬೆಂಚಿನ ಮೂಲೆ ಸ್ವಲ್ಪ ಸವೆದೈತಲ್ಲ, ಅದನ್ನ ಬೇಕಂತ್ಲೇ ಸವೆಸ್ದೆ. ಅಲ್ಲಿ ಕೂತೋರು ಕಿಟಕಿಗ್ ಒರಗ್ತಾರೆ. ನಾನ್ ಮಾಡಿರೋದ್ರಲ್ಲಿ ನಂಗೆ ಹೆಮ್ಮೆ ಅಂದ್ರೆ ಇದೊಂದೆ. ಬೇರೆ ಯಾರಿಗೂ ಕಾಣಾಕಿಲ್ಲ" ಎಂದ. ಪಂಚಾಕ್ಷರಯ್ಯ ಆ ಸವೆದ ಮೂಲೆಯನ್ನು ನೋಡಿದ. ಕಾಣದ ಜಾಗದಲ್ಲಿ ಹೆಮ್ಮೆ ಇಟ್ಟುಕೊಂಡ ಈ ಮನುಷ್ಯನ ಪಕ್ಕದಲ್ಲಿ, ಗೋಡೆಯ ಮೇಲಿನ ಕಟ್ಟುಹಾಕಿದ ಪತ್ರ ತನ್ನ ಬೆನ್ನನ್ನು ನೋಡುತ್ತಿದೆ ಎಂದು ಭಾಸವಾಗಿ ಅವನು ಒಂದು ಹೆಜ್ಜೆ ಸರಿದು ನಿಂತ. "ನಿಮ್ಗೆ ಯಾವುದ್ರ ಮೇಲೆ ಹೆಮ್ಮೆ ಜಾಸ್ತಿ ಸ್ವಾಮಿ?" ಎಂದು ತಿಪ್ಪಯ್ಯ ಕೇಳಿದ. ಹೆಂಚುಮಾಡು ಎನ್ನಬಹುದಾಗಿತ್ತು. ನಿಜವೂ ಆಗಿತ್ತು. ಆದರೆ ಉತ್ತರ ಕೊಟ್ಟವಳು ಮಜ್ಜಿಗೆ ತಂದ ಉಜ್ಜಿನಮ್ಮ. "ಗಾಲಿ ಮ್ಯಾಲೆ ರೀ. ದೊರೀನೇ ಬಾಯಿ ಮ್ಯಾಲೆ ಬೆರಳಿಟ್ಟ."

ಒಳಕೋಣೆಯಲ್ಲಿ ತಿಪ್ಪಯ್ಯ ಹಲಗೆಯ ಸುತ್ತ ಒಂದು ಸುತ್ತು ಹಾಕಿದ. ಬೆಟ್ಟವನ್ನು ನೋಡಿದ, ಹೆಂಚುಗಳನ್ನು ಉಸಿರು ಬಿಗಿಹಿಡಿದು ನೋಡಿದ, ಇಂಜಿನ್ನು ಬೆಟ್ಟ ಸುತ್ತಿ ಬಂದಾಗ ಅವನ ಕಣ್ಣಲ್ಲಿ ನೀರಾಡಿತು. ಆಮೇಲೆ ಕೋಟಿನಿಂದ ಒಂದು ಭೂತಗನ್ನಡಿ ತೆಗೆದು, ಅಪ್ಪಣೆ ಕೇಳಿ, ಇಂಜಿನ್ನನ್ನು ತಿರುವಿಹಾಕಿದ. "ಓರೆ!" ಎಂದು ಪಿಸುಗುಟ್ಟಿದ. "ಎಲ್ಲಾ ಬಿಟ್ಟು ಇದು ನಂಗೆ ಹೊಳೀಲಿಲ್ವಲ್ಲ. ಎಷ್ಟ್ ಓರೆ ಕೊಡ್ಬೇಕು ಸ್ವಾಮಿ? ಲೆಕ್ಕ ಏನಾರ ಐತಾ?" ಪಂಚಾಕ್ಷರಯ್ಯ ಅಂದಾಜು ಎಂದ. "ಹೆಂಗ್ ಮಾಡಿದ್ರಿ?" ಅರದಿಂದ ಉಜ್ಜಿದೆ ಎಂದ. ತಿಪ್ಪಯ್ಯ ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ತಂದ. ಅವನ ದನಿಯಲ್ಲಿ ಸಂಶಯವಿರಲಿಲ್ಲ. ಬರಿಯ ಕಲಿಯುವ ಆಸೆ ಇತ್ತು, ಅದೇ ಸಹಿಸಲಾಗಲಿಲ್ಲ. "ಅರದ್ ಗೆರೆ ಇಲ್ವಲ್ಲ ಸ್ವಾಮಿ? ಇದು ಎರಕದ್ದು. ಇಲ್ಲಿ ನೋಡಿ, ಅಚ್ಚು ಎರಡು ಹೋಳು ಕೂಡಿದ್ ಜಾಗ, ಕೂದ್ಲಷ್ಟು ಗೆರೆ ಐತೆ. ಅಚ್ಚಿಗೆ ಯಾವ ಮಣ್ ಹಾಕಿದ್ರಿ? ಸೀಸ ಬೇಗ ಆರೋಯ್ತದೆ, ಅಂಚು ಮೂಡೋದೆ ಇಲ್ಲ ನಂಗೆ." ಯಾವ ಮಣ್ಣು? ಪಂಚಾಕ್ಷರಯ್ಯನಿಗೆ ಗೊತ್ತಿರಲಿಲ್ಲ. ಎರಡು ತಿಂಗಳು ಓಬಮ್ಮ ಅದನ್ನು ಮಾಡುವಾಗ ಒಂದು ದಿನವಾದರೂ ಬೇವಿನ ನೆರಳಲ್ಲಿ ಕೂತು ನೋಡಿರಲಿಲ್ಲ. ಆಯಿತೇನು ಎಂದು ನಿಂತಲ್ಲೇ ಕೇಳಿ ಹೋಗುತ್ತಿದ್ದ. ಸುಳ್ಳು ಹೇಳುವುದಕ್ಕಾದರೂ ಅವಳ ಕೆಲಸದ ಪರಿಚಯ ಇರಬೇಕಾಗಿತ್ತು. ಆ ಕ್ಷಣ ಅವನಿಗೆ ನಾಚಿಕೆಯಾದದ್ದು ಕದ್ದದ್ದಕ್ಕಲ್ಲ. ಕದ್ದದ್ದು ಏನೆಂದು ಸರಿಯಾಗಿ ನೋಡಿಯೂ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ನಾನು ಮಾಡಿದ್ದಲ್ರಿ ಅದು" ಎಂದ. ದನಿ ಅವನದಲ್ಲ ಎಂಬಂತೆ ಸಪ್ಪಗೆ ಬಂತು. "ಗೇಟಿನ ಹತ್ರ ಚಿಮಣಿ ಮಾಡಾಕಿ ಒಬ್ಬಾಕಿ ಅದಾಳ. ಓಬಮ್ಮ ಅಂತ. ಓರೆ ಹೊಳದದ್ದೂ ಅಕಿಗೆ, ಮಾಡಿದ್ದೂ ಅಕಿ." ತಿಪ್ಪಯ್ಯ ಭೂತಗನ್ನಡಿಯನ್ನು ಕೆಳಗಿಳಿಸಿ, "ಹೌದಾ?" ಎಂದು ಸಹಜವಾಗಿ ಕೇಳಿದ, ಅವನಿಗೆ ಇನ್ನೂ ಅದರ ಭಾರ ತಿಳಿದಿರಲಿಲ್ಲ. ತಿಳಿದವಳು ಬಾಗಿಲಲ್ಲಿದ್ದಳು. ಉಜ್ಜಿನಮ್ಮ ಖಾಲಿ ಲೋಟಕ್ಕೆಂದು ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು. ಅತಿಥಿಯ ಎದುರು ದನಿ ಏರಿಸುವವಳಲ್ಲ ಅವಳು. "ದೊರಿಗೆ ಹೇಳಿದ್ದು ಬಿಡ್ರಿ," ಎಂದಳು, "ನೌಕರಿ ಅಂದಮ್ಯಾಲೆ ಅವರ ಮುಂದ ಏನೇನೋ ಬಾಯಿಗೆ ಬರ್ತೈತಿ. ನನಗ ಯಾಕ ಸುಳ್ಳು ಹೇಳಿದ್ರಿ? ನಾ ಏನ್ ನಿಮಗ ಕಾಗದ ಕೊಡಾಕಿ ಇದ್ನೇನು?" ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವಳು ಅವನ ಯಾವುದನ್ನೂ ಹೊಗಳಿರಲಿಲ್ಲ. ಆ ಒಂದು ಸಂಜೆ, ಗಾಡಿ ಬೆಟ್ಟ ಸುತ್ತಿದಾಗ, ಅವಳು ಅವನನ್ನು ನೋಡಿದ ರೀತಿ ಇತ್ತಲ್ಲ, ಅದನ್ನು ಕೈಬಿಡಲು ಮನಸ್ಸು ಬರಲಿಲ್ಲ. ಅದನ್ನು ಈಗ ಅವಳಿಗೆ ಹೇಗೆ ಹೇಳುವುದು? ಅವಳು ಒಳಗೆ ಹೋದಳು. ತಿಪ್ಪಯ್ಯ ಈಗ ಎಲ್ಲವನ್ನೂ ಅರ್ಥಮಾಡಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಬೋಗಿಯ ಬಾಗಿಲನ್ನು ತೆಗೆಯುತ್ತ ಮುಚ್ಚುತ್ತ ಕೂತಿದ್ದ. ಕೊನೆಗೆ ಅವನೇ, "ಆಯಮ್ಮನ ಹತ್ರ ಹೋಗ್ಬೋದಾ ಸ್ವಾಮಿ?" ಎಂದ.

ಈ ಸಲ ಗೂಡ್ಸ್ ಶೆಡ್ಡಿನ ದಾರಿ ಹಿಡಿಯಲಿಲ್ಲ. ಓಬಮ್ಮ ಬೇವಿನ ಕೆಳಗೆ ತಗಡು ಕೊಯ್ಯುತ್ತಿದ್ದಳು. ಏಳು ತಿಂಗಳ ಮೇಲೆ ಬಂದವನನ್ನು ನೋಡಿ ಎದ್ದು ನಿಲ್ಲಲು ಹೋದಳು; ಅದಕ್ಕೆ ಮೊದಲೇ ತಿಪ್ಪಯ್ಯ ಅವಳೆದುರು ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು, "ಅಮ್ಮಾ, ಮಡಕಶಿರದಿಂದ ಬಂದಿವ್ನಿ. ಗಾಲಿ ಅಚ್ಚಿಗೆ ಯಾವ ಮಣ್ ಹಾಕ್ತೀರಾ?" ಎಂದುಬಿಟ್ಟ. ಓಬಮ್ಮ ಅವನನ್ನೂ, ನಿಂತಿದ್ದ ಪಂಚಾಕ್ಷರಯ್ಯನನ್ನೂ ಒಮ್ಮೆ ನೋಡಿದಳು. "ಹುತ್ತದ ಮಣ್ರಿ," ಎಂದಳು. "ಜರಡಿ ಹಿಡಿದು, ಕುರಿ ಕೂದಲ ಸಣ್ಣಗ ಕತ್ತರಿಸಿ ಕಲಸ್ಬೇಕು. ಅಚ್ಚು ಬಿಸಿ ಇರೋವಾಗಲೇ ಎರೀಬೇಕು. ತಣ್ಣಗಿದ್ರ ಅಂಚು ಮೂಡಂಗಿಲ್ಲ." ತಿಪ್ಪಯ್ಯ ತೊಡೆ ತಟ್ಟಿಕೊಂಡ. ಆಮೇಲೆ ಅವರಿಬ್ಬರೂ ಪಂಚಾಕ್ಷರಯ್ಯನನ್ನು ಮರೆತರು. ತವರ ಎಷ್ಟು, ಸೀಸ ಎಷ್ಟು, ಗಾಲಿ ಅಚ್ಚುಕಂಬಿಗೆ ಬಿಗಿಯಾಗಿರಬೇಕೋ ಸಡಿಲವೋ. ಅವಳು ಲಾಳಿಕೆ ಉರುಳಿಸಿದಳು, ಅವನು ಬೆರಗಿನಿಂದ ಕೂಗಿದ, ತಾನೂ ಒಂದು ಉರುಳಿಸಿದ. ಅವನು ತನ್ನ ಗಾಲಿಯನ್ನು ತೋರಿಸಿದರೆ ಅವಳು ಸೆರಗು ಬಾಯಿಗಿಟ್ಟು ನಕ್ಕಳು, ಅವನೂ ನಕ್ಕ. ಪಂಚಾಕ್ಷರಯ್ಯ ಬಿಸಿಲಲ್ಲಿ ಕೊಡೆ ಬಿಚ್ಚದೆ ನಿಂತಿದ್ದ. ಮೂರನೆಯವನಾಗಿ ಹೀಗೆ ನಿಲ್ಲುವುದು ಅವಮಾನ. ಆದರೂ ಆ ಮಾತುಗಳನ್ನು ಕೇಳುತ್ತ ಕೇಳುತ್ತ, ತನ್ನದೇ ಇಂಜಿನ್ನಿನ ಬಗ್ಗೆ ತಾನು ಮೊದಲ ಸಲ ತಿಳಿದುಕೊಳ್ಳುತ್ತಿದ್ದೇನೆ ಎಂಬ ಸಂತೋಷವೂ ಅದರ ಜೊತೆಗೇ ಒಸರುತ್ತಿತ್ತು. ಎರಡರಲ್ಲಿ ಯಾವುದು ಹೆಚ್ಚೆಂದು ಹೇಳಲಾಗುತ್ತಿರಲಿಲ್ಲ.

ಮಾತು ಒಂದು ಕಡೆ ನಿಂತಾಗ ಅವನು, "ಓಬಮ್ಮ, ಅವತ್ತು ದೊರಿ ಬಂದಾಗ..." ಎಂದು ಶುರುಮಾಡಿದ. ಅವಳು ತಗಡಿನ ಚೂರುಗಳನ್ನು ಗುಡ್ಡೆ ಮಾಡುತ್ತ, ತಲೆ ಎತ್ತದೆ, "ಗೊತ್ತೈತ್ರಿ" ಎಂದಳು. "ನಾ ಕಿಟಕಿ ಹಿಂದ ಇದ್ನಲ್ಲ. ಇಂಗ್ಲೀಷ್ ನನಗ ಬರಂಗಿಲ್ಲ. ದೊರಿ ಗಾಲಿ ಮುಟ್ಟಿ ಕೇಳ್ದ, ನೀವು ಎದಿ ಮ್ಯಾಲೆ ಕೈ ಇಟ್ಕಂಡ್ರಿ. ಕೈ ತಿಳೀತೈತ್ರಿ." "ಮತ್ತ ಯಾಕ ಏನೂ ಅನ್ನಲಿಲ್ಲ ನೀನು?" "ಏನಂತ ಅನ್ಲಿ? ಅಂದಿದ್ರ ನೀವು ಕೇಳ್ತಿದ್ರೇನು?" ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ತಿಪ್ಪಯ್ಯ ಬೇವಿನ ಮರದ ತುದಿಯನ್ನು ನೋಡುತ್ತ ಕೂತ. "ನಾ ಬಳ್ಳಾರಿಗೆ ಕಾಗದ ಬರಿತೀನಿ" ಎಂದ ಪಂಚಾಕ್ಷರಯ್ಯ. "ನಿನ್ನ ಹೆಸರು ಹಾಕಿ ಬರಿತೀನಿ. ದೊರಿಗೆ." ನಾಲಗೆಯ ಮೇಲೆ ಬಂದಮೇಲೆ ಅದರ ಭಾರ ಅವನಿಗೆ ತಿಳಿಯಿತು. ಸ್ಟೇಷನ್ ಮಾಸ್ತರರ ನಗೆ, ಯರ್ರಪ್ಪನ ಮುಖ, ಮುಂದಿನ ತನಿಖೆ. ಆದರೂ ಹಿಂದೆಗೆಯಬೇಕು ಅನ್ನಿಸಲಿಲ್ಲ. ಓಬಮ್ಮ ಕೈ ಕೊಡವಿಕೊಂಡಳು. "ಕಾಗದ ನೀವು ಬರೀರಿ ಬಿಡ್ರಿ, ಅದು ನಿಮ್ಮದು. ನನಗ ಒಂದ್ಸಲ ಅದು ತಿರುಗೋದು ನೋಡ್ಬೇಕ್ರಿ. ಮಾಡಿಕೊಟ್ಟೆ, ಇಷ್ಟು ದಿನ ಆತು, ಬೆಟ್ಟ ಹೆಂಗ ಸುತ್ತತೈತೋ ನೋಡಿಲ್ಲ. ಅವತ್ತು ಅದು ತಿರುಗೋವಾಗ ಕಿಟಕಿಯಾಗ ದೊರಿ ಬೆನ್ನು ಬಿಟ್ಟು ಏನೂ ಕಾಣಲಿಲ್ಲ."

ಅವಳ ಜಾತಿಯವರು ಯಾರೂ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಹಲಗೆಯ ಮೇಲೆ ಮೊಳೆಹೊಡೆದ ಊರನ್ನು ಹೊರಗೆ ತರುವಂತೆಯೂ ಇರಲಿಲ್ಲ. ದಾರಿಯುದ್ದಕ್ಕೂ ಪಂಚಾಕ್ಷರಯ್ಯ ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿದ, ಕೆಡವಿದ. ಲಿಂಗಪೂಜೆಯ ಮೂಲೆ, ತಂದೆಯ ಕಾಲದ ಲಿಂಗದ ಕರಡಿಗೆ, ನೆರೆಯವರು. ಮನೆ ಬಂದಾಗ ಓಬಮ್ಮ ತಾನಾಗಿಯೇ ಕೆಳಗಿನ ಮೆಟ್ಟಿಲಿನ ಹತ್ತಿರ ನಿಂತಳು. ಉಜ್ಜಿನಮ್ಮ ಹೊರಗೆ ಬಂದಳು. ಅತ್ತಿರಲಿಲ್ಲ, ಆದರೆ ಮುಖ ತೊಳೆದುಕೊಂಡಿದ್ದಳು. ಗಂಡ ಬಾಯಿ ತೆರೆಯುವುದಕ್ಕೆ ಮೊದಲೇ ಅವಳು ಓಬಮ್ಮನನ್ನು ತಲೆಯಿಂದ ಕಾಲವರೆಗೆ ನೋಡಿದಳು. ಪಕ್ಕದ ಕ್ವಾರ್ಟರ್ಸಿನ ಕದ ಅರೆ ತೆರೆದದ್ದೂ ಅವಳಿಗೆ ಕಂಡಿತು. "ಅಲ್ಲೇ ಯಾಕ ನಿಂತಿ? ಒಳಗ ಬಾ" ಎಂದಳು ಒಣದನಿಯಲ್ಲಿ. "ಬೂಟುಗಾಲು ಬಂದು ಹೋದ ಮನಿ ಇದು. ಬರಿಗಾಲಿಗೆ ಏನಾಗತೈತಿ?" ಆ ಮಾತನ್ನು ಅವಳು ಯಾರಿಗೆ ಹೇಳಿದಳೆಂದು ಪಂಚಾಕ್ಷರಯ್ಯನಿಗೆ ಚೆನ್ನಾಗಿ ತಿಳಿಯಿತು. ಓಬಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಅದು ತನ್ನ ಕಾಲು ಹೌದೋ ಅಲ್ಲವೋ ಎಂಬಂತೆ ನೋಡಿಕೊಂಡು, ಇನ್ನೊಂದನ್ನೂ ಇಟ್ಟಳು.

ಒಳಕೋಣೆಯಲ್ಲಿ ಅವಳು ಗೋಡೆಗೆ ಅಂಟಿಕೊಂಡು ನಿಂತಳು. ಪಂಚಾಕ್ಷರಯ್ಯ ಕೀಲಿ ತಿರುಗಿಸಿ, ಇಂಜಿನ್ನನ್ನು ಸ್ಟೇಷನ್ನಿನ ಮುಂದೆ ಬಿಟ್ಟ. ಅದು ಹೊರಟಿತು. ಪ್ಲಾಟ್‌ಫಾರ್ಮು ದಾಟಿ, ಸಿಗ್ನಲ್ಲು ದಾಟಿ, ಗೋಣಿತಾಟಿನ ಬೆಟ್ಟಕ್ಕೆ ಬಂದು, ತನ್ನಷ್ಟಕ್ಕೆ ತಾನು ಮೈ ಬಾಗಿಸಿ ತಿರುಗಿತು. ಬೆಟ್ಟದ ಹಿಂದೆ ಮರೆಯಾಗಿ ಆ ಕಡೆಯಿಂದ ಹೊರಗೆ ಬಂತು. ಉಜ್ಜಿನಮ್ಮ ರೈಲನ್ನು ನೋಡುತ್ತಿರಲಿಲ್ಲ, ಓಬಮ್ಮನ ಮುಖವನ್ನು ನೋಡುತ್ತಿದ್ದಳು. ಎರಡನೆಯ ಸುತ್ತಿಗೆ ಓಬಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಂದಳು. ಮೂರನೆಯದಕ್ಕೆ ಹಲಗೆಯ ಪಕ್ಕ ಮೊಣಕಾಲೂರಿ ಕೂತಳು. ಸ್ಪ್ರಿಂಗ್ ಮುಗಿದು ಗಾಡಿ ನಿಂತಿತು. "ಇನ್ನೊಂದ್ಸಲ ಬಿಡ್ರಿ" ಎಂದಳು. ಅವನು ಬಿಟ್ಟ. ಈ ಸಲ ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಬೆಟ್ಟದ ತಿರುವಿನಲ್ಲಿ, ಪ್ರತಿ ಸುತ್ತಿಗೂ, ಟಿಕ್ ಎಂದು ಒಂದು ಸಣ್ಣ ಸದ್ದು. ಆ ಸದ್ದು ಪಂಚಾಕ್ಷರಯ್ಯನಿಗೆ ಇಷ್ಟದ್ದು. ನಿಜವಾದ ಗಾಡಿಯೂ ಹಾಗೇ ಸದ್ದು ಮಾಡುತ್ತದಲ್ಲ ಎಂದುಕೊಂಡಿದ್ದ. ಓಬಮ್ಮ ಕಣ್ಣು ತೆರೆದು, "ಗಾಲಿ ಸರಿ ಅದಾವ್ರಿ" ಎಂದಳು. "ತಪ್ಪು ಹಳಿಯಾಗ ಐತಿ. ಕಡ್ಡಿ ಕೂಡಿದಲ್ಲಿ ಒಂದು ಮ್ಯಾಲೆ ಐತಿ, ಒಂದು ಕೆಳಗ ಐತಿ. ಹಿಂಗೇ ಬಿಟ್ರ ಗಾಲಿ ಅಂಚು ತಿಂದುಬಿಡ್ತೈತಿ."

ಹಳಿ ಅವನದು. ಈ ಕೋಣೆಯಲ್ಲಿ ಅವನದೆಂದು ಹೇಳಲು ಉಳಿದಿದ್ದದ್ದು ಅದು ಮತ್ತು ಆ ಹೆಂಚುಗಳು. ತಿಪ್ಪಯ್ಯ ತಡೆಯಲಾರದೆ ಭೂತಗನ್ನಡಿಗಾಗಿ ಜೇಬಿಗೆ ಕೈ ಹಾಕಿದ್ದ. ಪಂಚಾಕ್ಷರಯ್ಯ ತನ್ನ ಕಿವಿ ಬಿಸಿಯಾಗುತ್ತದೆ ಎಂದು ಕಾದ. ಆಗಲಿಲ್ಲ. ಗೂಡಿನಿಂದ ಸಣ್ಣ ಅರವನ್ನು ತೆಗೆದುಕೊಂಡು ಬಂದು, ಹಲಗೆಯ ಈ ಬದಿಯಲ್ಲಿ, ಅವಳ ಎದುರಿಗೆ, ತಾನೂ ಮೊಣಕಾಲೂರಿದ. "ಎಲ್ಲಿ?" ಎಂದು ಕೇಳಿ, ಬಗ್ಗಿ ನೋಡುತ್ತ, "ತೋರಸ್ರಿ" ಎಂದ. ಆ 'ರಿ' ಕೇಳಿ ಉಜ್ಜಿನಮ್ಮ ತಟ್ಟನೆ ಅವನ ಕಡೆ ತಿರುಗಿದಳು. ಓಬಮ್ಮನ ಬೆರಳು ಬೆಟ್ಟದ ಮೇಲೆ ಗಾಳಿಯಲ್ಲೇ ಒಂದು ಕ್ಷಣ ನಿಂತಿತು. ಆಮೇಲೆ ಕೆಳಗಿಳಿದು, ಎರಡು ಕಡ್ಡಿ ಕೂಡುವ ಜಾಗವನ್ನು ಮುಟ್ಟಿತು.